ಎರವಲು ಕೀಲಿಕೈ: ಹೊಸ ವಿದ್ಯಾರ್ಥಿಯ ಮೊದಲ ಖಾತೆ

(ಸಿಂಗಪುರದ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಿಂಗಪುರದ ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ತಿಂಗಳೆಂದರೆ ಹೊಸ ಶೈಕ್ಷಣಿಕ ವರ್ಷದ ಆರಂಭ. ಕರ್ನಾಟಕದಿಂದ ಬರುವ ವಿದ್ಯಾರ್ಥಿಗೆ ತರಗತಿ, ಕೊಠಡಿ, ಗೆಳೆಯರು ದೊರೆಯುವುದಕ್ಕಿಂತ ಮೊದಲೇ, ಅನೇಕ ವೇಳೆ ವಿಮಾನ ಹತ್ತುವ ಮುನ್ನವೇ, ಒಂದು ಬಳಕೆದಾರ ಹೆಸರು ಮತ್ತು ಒಂದು ಪಾಸ್‌ವರ್ಡ್ ದೊರೆಯುತ್ತವೆ. ಎನ್‌ಯುಎಸ್ ಎಂದೇ ಎಲ್ಲರಿಗೂ ಪರಿಚಿತವಾದ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಎನ್‌ಯುಎಸ್‌ನೆಟ್ ಐಡಿ ಎಂದು ಹೆಸರು. ಇಮೇಲ್, ಪಾಠಗಳಿರುವ ಕ್ಯಾನ್ವಾಸ್ ತಾಣ, ಕ್ಯಾಂಪಸ್ಸಿನ ವೈಫೈ, ಗ್ರಂಥಾಲಯ ಚಂದಾ ತೆತ್ತಿರುವ ವಿದ್ವತ್ ನಿಯತಕಾಲಿಕೆಗಳು, ಮನೆಯಲ್ಲಿ ಕುಳಿತು ಕ್ಯಾಂಪಸ್ಸಿನ ಜಾಲದೊಳಗೆ ಹೋಗಲು ಬೇಕಾದ ವಿಪಿಎನ್, ಈ ಎಲ್ಲ ಬಾಗಿಲುಗಳೂ ಅದೊಂದೇ ಕೀಲಿಕೈಗೆ ತೆರೆದುಕೊಳ್ಳುತ್ತವೆ. ಅದನ್ನು ಪಡೆಯುವಾಗ ದೀರ್ಘವಾದ ನಿಯಮಾವಳಿಯೊಂದಕ್ಕೆ ಒಪ್ಪಿಗೆ ಸೂಚಿಸಬೇಕಾಗುತ್ತದೆ. ಓದಿ ಒಪ್ಪುವವರು ವಿರಳ. ಇಂದಿನ ಮಾತು ಆ ಒಪ್ಪಿಗೆಯನ್ನು ಕುರಿತದ್ದು.

ಹೇಳಬೇಕಾದ ವಿಷಯ ಇಷ್ಟೇ: ಆ ಕೀಲಿಕೈ ಎರವಲು ತಂದದ್ದು. ಎರವಲು ತಂದ ವಸ್ತುವನ್ನು ಸಂಕೋಚವಿಲ್ಲದೆ ಬಳಸಬೇಕು. ಅದು ತನ್ನದಲ್ಲವೆಂಬುದನ್ನು ಮಾತ್ರ ಮರೆಯಬಾರದು. ಈ ತಿಳಿವಳಿಕೆ ಕೆಲವು ವಿದ್ಯಾರ್ಥಿಗಳಿಗೆ ಮನೆಯಿಂದಲೇ ಬಂದಿರುತ್ತದೆ, ಕೆಲವರಿಗೆ ಯಾರೂ ಹೇಳುವುದಿಲ್ಲ. ಆ ಅಂತರವನ್ನು ತುಂಬುವ ಹೊಣೆಯಲ್ಲಿ ಇಲ್ಲಿ ನೆಲೆಸಿರುವ ಕನ್ನಡಿಗರ ಪಾಲೂ ಇದೆ.

ತಿಳಿವಳಿಕೆ ಹರಿಯುವ ದಾರಿ

ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಬಹುದು. ಒಬ್ಬನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಬಂದವನು; ಅವನ ಅಕ್ಕ ಇದೇ ಊರಿನಲ್ಲಿ ಓದಿದವಳು. ಇನ್ನೊಬ್ಬಳು ಕಲಬುರಗಿ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಓದಿ, ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ವಿದ್ಯಾರ್ಥಿವೇತನದಂಥ ನೆರವಿನಿಂದ ಹೊರಟವಳು. ಮನೆಯಲ್ಲಿ ವಿದೇಶಕ್ಕೆ ಬಂದವರಲ್ಲಿ ಅವಳೇ ಮೊದಲಿಗಳು. ಇಬ್ಬರಿಗೂ ಒಂದೇ ದಿನ ಒಂದೇ ಬಗೆಯ ಖಾತೆ ಸಿಗುತ್ತದೆ. ಆದರೆ ಭಾರತದ ಸಿಮ್ ಅನ್ನು ಜೀವಂತವಾಗಿ ಇಟ್ಟುಕೊಳ್ಳಬೇಕೆಂದು ಹುಡುಗನಿಗೆ ಅಕ್ಕ ಮೊದಲೇ ಹೇಳಿರುತ್ತಾಳೆ. ಊರಿನ ಬ್ಯಾಂಕು, ಆಧಾರ್, ಡಿಜಿಲಾಕರ್ ಎಲ್ಲವೂ ಒಟಿಪಿಯನ್ನು ಹಳೆಯ ಸಂಖ್ಯೆಗೇ ಕಳಿಸುತ್ತವೆ. ಹುಡುಗಿಗೆ ಇದು ಗೊತ್ತಾಗುವುದು ವಿದ್ಯಾರ್ಥಿವೇತನದ ಕಂತು ಜಮೆಯಾದ ಖಾತೆಯನ್ನು ತೆರೆಯಲಾಗದೆ ಕುಳಿತಾಗ.

ಇದನ್ನು ಬುದ್ಧಿವಂತಿಕೆಯ ವ್ಯತ್ಯಾಸವೆಂದು ಯಾರೂ ಹೇಳಲಾರರು. ಇಂಥ ಸಣ್ಣ ಸಂಗತಿಗಳು ಬರೆದಿಟ್ಟ ಪುಸ್ತಕದಿಂದ ಬರುವುದಿಲ್ಲ. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಬಂಧುಗಳ ಗುಂಪು, ಜಾತಿಯ ಸಂಘದ ಗುಂಪುಗಳ ಮೂಲಕ ಅವು ಹರಿದು ಬರುತ್ತವೆ. ಗುಂಪಿಗೆ ಸೇರಿಸುವವರು ಪರಿಚಿತರಾಗಿದ್ದರೆ ದಾರಿ ಸುಗಮ. ಪರಿಚಯವೇ ಇಲ್ಲದವರಿಗೆ ಗುಂಪು ಇರುವುದೂ ತಿಳಿಯುವುದಿಲ್ಲ. ಊರಿನಲ್ಲಿ ಕೆರೆಯ ನೀರು ಯಾರ ಗದ್ದೆಗೆ ಮೊದಲು ಹೋಗಬೇಕೆಂದು ನಿರ್ಧರಿಸುತ್ತಿದ್ದ ಸಂಬಂಧಗಳೇ ಇಲ್ಲಿ ಮಾಹಿತಿಯ ಹರಿವನ್ನೂ ನಿರ್ಧರಿಸುತ್ತಿವೆ. 2020ರಲ್ಲಿ ತರಗತಿಗಳು ಆನ್‌ಲೈನ್ ಆದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿದ್ದನ್ನು ಎಲ್ಲರೂ ಕಂಡಿದ್ದಾರೆ. ಸಿಂಗಪುರದಲ್ಲಿ ಸಿಗ್ನಲ್ ಎಲ್ಲೆಡೆ ಇದೆ. ಹತ್ತಬೇಕಾದ ಗುಡ್ಡ ಬೇರೆಯದು.

ಕೊಟ್ಟವರು ಒಳಗೆ ನೋಡಿದಾಗ

ಖಾತೆ ಎರವಲಿನದೆಂಬ ಮಾತು ಕೇವಲ ಉಪಮೆಯಲ್ಲ. ಈ ಊರಿನ ಇತಿಹಾಸದಲ್ಲಿಯೇ ಅದಕ್ಕೆ ಪುರಾವೆಗಳಿವೆ.

ಸಿಂಗಪುರಕ್ಕೆ ಇಂಟರ್‌ನೆಟ್ ಬಂದದ್ದು ವಿಶ್ವವಿದ್ಯಾಲಯದ ಮೂಲಕ. 1990ರ ದಶಕದ ಆರಂಭದಲ್ಲಿ ಎನ್‌ಯುಎಸ್‌ನಲ್ಲಿ ಟೆಕ್‌ನೆಟ್ ಎಂಬ ಜಾಲ ಸ್ಥಾಪನೆಯಾಗಿ ಅಧ್ಯಾಪಕರಿಗೂ ಸಂಶೋಧಕರಿಗೂ ಸಂಪರ್ಕ ದೊರೆಯಿತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಕೆಲವು ವರ್ಷ ಮೊದಲೇ ಇಲ್ಲಿನ ಕ್ಯಾಂಪಸ್ಸಿನಲ್ಲಿ ಇಮೇಲ್ ನಿತ್ಯದ ಸಾಧನವಾಗಿತ್ತು.

1994ರಲ್ಲಿ ಟೆಕ್‌ನೆಟ್ ಬಳಕೆದಾರರ ಖಾತೆಗಳಲ್ಲಿದ್ದ ಸುಮಾರು 80 ಸಾವಿರ ಚಿತ್ರ ಕಡತಗಳನ್ನು ಅಶ್ಲೀಲ ವಸ್ತುಗಳಿಗಾಗಿ ಶೋಧಿಸಲಾಯಿತು. ಕಾನೂನಿನ ದೃಷ್ಟಿಯಲ್ಲಿ ಆಕ್ಷೇಪಾರ್ಹವೆನಿಸಿದವು ಐದು. ಐದರ ಸಂಖ್ಯೆಗಿಂತ ಎಂಬತ್ತು ಸಾವಿರದ ಸಂಖ್ಯೆ ಗಮನಾರ್ಹ. ಯಾವ ಸಂಶಯಕ್ಕೂ ಒಳಗಾಗದ ಜನರ ಕಡತಗಳನ್ನು ಅವರಿಗೆ ಹೇಳದೆ ತೆರೆದು ನೋಡಲಾಗಿತ್ತು. ತಂತ್ರಜ್ಞಾನದ ದೃಷ್ಟಿಯಿಂದ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಏಕೆಂದರೆ ಯಂತ್ರ ಅವರದಾಗಿರಲಿಲ್ಲ.

1999ರಲ್ಲಿ ಸಿಂಗ್‌ನೆಟ್ ಸಂಸ್ಥೆ ತನ್ನ ಸುಮಾರು ಎರಡು ಲಕ್ಷ ಗ್ರಾಹಕರ ಕಂಪ್ಯೂಟರುಗಳಲ್ಲಿ ದೋಷಗಳಿವೆಯೇ ಎಂದು ಗೃಹ ಸಚಿವಾಲಯದ ತಂತ್ರಜ್ಞರ ನೆರವಿನಿಂದ ತಪಾಸಣೆ ನಡೆಸಿತು. ಉದ್ದೇಶ ವೈರಸ್ ಹಾವಳಿಯನ್ನು ತಡೆಯುವುದು. ಗ್ರಾಹಕರಿಗೆ ಮುಂಚೆ ತಿಳಿಸಿರಲಿಲ್ಲ. ಅದು ಬಯಲಾದದ್ದು ಕಾನೂನು ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯಿಂದ. ತನ್ನ ಕಂಪ್ಯೂಟರಿಗೆ ಅವಳು ಅಳವಡಿಸಿಕೊಂಡಿದ್ದ ರಕ್ಷಣಾ ತಂತ್ರಾಂಶ ಯಾರೋ ಹೊರಗಿನಿಂದ ಬಾಗಿಲು ತಟ್ಟುತ್ತಿದ್ದಾರೆಂದು ಎಚ್ಚರಿಸಿತು. ಅವಳು ಪೊಲೀಸರಿಗೆ ದೂರು ಕೊಟ್ಟಳು. ಸಂಸ್ಥೆ ಗ್ರಾಹಕರ ಕ್ಷಮೆ ಕೇಳಬೇಕಾಯಿತು. ಹೊಸ ವಿದ್ಯಾರ್ಥಿಗಳಿಗೆ ಹೇಳಬೇಕಾದ ಕಥೆ ಇದು. ಆಕೆ ಕ್ರಾಂತಿಕಾರಿ ಭಾಷಣ ಮಾಡಲಿಲ್ಲ, ಗುಟ್ಟಾಗಿ ಯಾವುದನ್ನೂ ಭೇದಿಸಲಿಲ್ಲ. ತನ್ನ ಯಂತ್ರದಲ್ಲಿ ಏನು ನಡೆಯುತ್ತಿದೆಯೆಂದು ನೋಡುವ ಅಭ್ಯಾಸವೊಂದೇ ಅವಳ ಬಂಡವಾಳ.

ಮೂರನೆಯದು ಎಲ್ಲರ ನೆನಪಿನಲ್ಲಿ ಇರುವಂಥದ್ದು. 2020ರ ಮಾರ್ಚ್‌ನಲ್ಲಿ ಟ್ರೇಸ್‌ಟುಗೆದರ್ ಆ್ಯಪ್ ಬಂದಾಗ ಅದರ ಮಾಹಿತಿ ಸೋಂಕಿನ ಸಂಪರ್ಕ ಪತ್ತೆಗೆ ಮಾತ್ರ ಬಳಕೆಯಾಗುವುದೆಂಬ ಭರವಸೆ ಇತ್ತು. 2021ರ ಜನವರಿಯಲ್ಲಿ, ಅಪರಾಧ ತನಿಖೆಗಾಗಿ ಪೊಲೀಸರು ಅದನ್ನು ಪಡೆಯಬಹುದೆಂದು ಸಂಸತ್ತಿನಲ್ಲಿ ತಿಳಿಸಲಾಯಿತು. ಸಾರ್ವಜನಿಕರ ಅಸಮಾಧಾನದ ನಂತರ ಫೆಬ್ರವರಿಯಲ್ಲಿ ಕಾನೂನು ಬಂದು, ಆ ಬಳಕೆಯನ್ನು ಏಳು ಬಗೆಯ ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸಿತು. ಜನ ಪ್ರಶ್ನಿಸಿದ್ದರಿಂದ ಮಿತಿ ಏರ್ಪಟ್ಟಿತು ಎಂಬುದೂ ಈ ಪ್ರಕರಣದ ಪಾಠವೇ.

ಇದೆಲ್ಲ ಸಿಂಗಪುರದ ವಿಶೇಷ ದೋಷವೆಂದು ಭಾವಿಸಿ ಸಮಾಧಾನ ಪಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ನಿಂತುಹೋದ ಇಂಟರ್‌ನೆಟ್ ಪೂರ್ಣ ವೇಗದಲ್ಲಿ ಮರಳಲು 2021ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಅಲ್ಲಿನ ವಿದ್ಯಾರ್ಥಿಗಳ ತರಗತಿ, ಅರ್ಜಿಗಳೆಲ್ಲ ಆ ಅವಧಿಯಲ್ಲಿ ಸಿಕ್ಕಿಹಾಕಿಕೊಂಡವು. ಕೊಟ್ಟ ಕೈ ಯಾವ ದೇಶದ್ದಾದರೂ ಹಿಂತೆಗೆದುಕೊಳ್ಳಬಲ್ಲದು.

ಮೊದಲ ವಾರದ ಕೆಲಸಗಳು

ಹೀಗಿರುವಾಗ ಹೊಸ ವಿದ್ಯಾರ್ಥಿ ಏನು ಮಾಡಬೇಕು? ಹೆದರಿ ದೂರ ಉಳಿಯುವುದು ಮೂರ್ಖತನ. ಎರಡು ಮನೆಗಳನ್ನು ಮೊದಲ ವಾರದಲ್ಲಿಯೇ ಬೇರ್ಪಡಿಸುವುದು ವಿವೇಕ.

ವಿಶ್ವವಿದ್ಯಾಲಯದ ಇಮೇಲ್ ವಿಶ್ವವಿದ್ಯಾಲಯದ ಕೆಲಸಕ್ಕೆ. ಅದನ್ನು ದಿನವೂ ನೋಡಬೇಕು. ಶುಲ್ಕ, ಪರೀಕ್ಷೆ, ಸ್ಟೂಡೆಂಟ್ಸ್ ಪಾಸ್ ಕುರಿತ ಸೂಚನೆಗಳು ಅಲ್ಲಿಗೇ ಬರುತ್ತವೆ, ಓದಲಿಲ್ಲವೆಂಬ ಕಾರಣ ನಡೆಯುವುದಿಲ್ಲ. ಬ್ಯಾಂಕು, ವಿದ್ಯಾರ್ಥಿವೇತನದ ಪತ್ರವ್ಯವಹಾರ, ಕುಟುಂಬದ ಕಾಗದಪತ್ರ, ರಾಜಕೀಯ ಚರ್ಚೆ, ಬರೆಯುತ್ತಿರುವ ಕಥೆ ಕವಿತೆಗಳಿಗೆ ಸ್ವಂತ ಇಮೇಲ್ ಬೇರೆಯೇ ಇರಬೇಕು. ಪದವಿ ಮುಗಿದ ಮೇಲೆ ವಿದ್ಯಾರ್ಥಿ ಖಾತೆಯ ಸೌಲಭ್ಯಗಳು ಕಡಿತಗೊಳ್ಳುತ್ತವೆ. ಆಗ ನಾಲ್ಕು ವರ್ಷಗಳ ಪತ್ರಗಳನ್ನು ಆತುರದಲ್ಲಿ ಹುಡುಕುತ್ತ ಕೂರುವ ಸ್ಥಿತಿ ಬರಬಾರದು.

ಕಡತಗಳ ವಿಷಯವೂ ಹಾಗೆಯೇ. ಸಂಸ್ಥೆಗಳು ಧಾರಾಳವಾಗಿ ಕೊಡುವ ಕ್ಲೌಡ್ ಸಂಗ್ರಹ ಶಾಶ್ವತವಲ್ಲ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸ್ಥಳ ನೀಡುತ್ತಿದ್ದ ಗೂಗಲ್, 2021ರಲ್ಲಿ ನೀತಿ ಬದಲಿಸಿ ಇಡೀ ಸಂಸ್ಥೆಗೆ ಮೂಲಭೂತವಾಗಿ 100 ಟೆರಾಬೈಟ್ ಎಂದು ಘೋಷಿಸಿತು. ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳಿಗೆ ಕಡತಗಳನ್ನು ಖಾಲಿಮಾಡಲು ಹೇಳಬೇಕಾಯಿತು. ಆದ್ದರಿಂದ ಪ್ರಬಂಧದ ಕರಡು, ಪ್ರಯೋಗದ ದತ್ತಾಂಶ, ಅಂಕಪಟ್ಟಿಗಳ ಒಂದು ಪ್ರತಿ ಸ್ವಂತ ಹಾರ್ಡ್‌ಡಿಸ್ಕಿನಲ್ಲಿ ಇರಲೇಬೇಕು.

ಎರಡು ಹಂತದ ದೃಢೀಕರಣವನ್ನು ಊರು ಬಿಡುವ ಮೊದಲೇ ಸರಿಪಡಿಸಿಕೊಳ್ಳಬೇಕು. ಹೊಸ ಸಿಮ್, ಹೊಸ ಫೋನ್ ಕೊಂಡ ದಿನವೇ ಹಳೆಯ ಫೋನನ್ನು ಮಾರಿದವರು ತಮ್ಮ ಖಾತೆಯ ಹೊರಗೆ ತಾವೇ ನಿಲ್ಲುತ್ತಾರೆ. ಸೇವೆಗಳು ಕೊಡುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆ ಇಡುವುದು ಹಳೆಯ ಪದ್ಧತಿಯಂತೆ ಕಂಡರೂ ಭದ್ರವಾದದ್ದು.

ಜಾಲದಲ್ಲಿ ಯಾರಿಗೆ ಏನು ಕಾಣುತ್ತದೆ ಎಂಬುದನ್ನೂ ಸರಳವಾಗಿ ತಿಳಿದಿರಬೇಕು. ಬಹುತೇಕ ತಾಣಗಳೊಡನೆ ನಡೆಯುವ ವ್ಯವಹಾರ ಇಂದು ಗೂಢಲಿಪಿಯಲ್ಲಿ ಸಾಗುವುದರಿಂದ, ಓದಿದ ಪುಟದ ಒಳಗಿನ ವಿಷಯ ಕ್ಯಾಂಪಸ್ಸಿನ ವೈಫೈ ನಡೆಸುವವರಿಗೆ ಕಾಣದು; ಯಾವ ತಾಣಕ್ಕೆ ಯಾವಾಗ ಹೋದರೆಂಬುದು ಸಾಮಾನ್ಯವಾಗಿ ಕಾಣುತ್ತದೆ. ವಿಶ್ವವಿದ್ಯಾಲಯದ ಇಮೇಲ್ ಖಾತೆಯ ಆಡಳಿತದ ಕೀಲಿ ಮಾತ್ರ ಸಂಸ್ಥೆಯ ಕೈಯಲ್ಲೇ ಇರುತ್ತದೆ. ಎಡ್ಯುರೋಮ್ ಎಂಬ ವೈಫೈ ವ್ಯವಸ್ಥೆಯಿಂದ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ತನ್ನ ಪಾಸ್‌ವರ್ಡಿನಿಂದಲೇ ಸಂಪರ್ಕ ಪಡೆಯಬಹುದು. ಅಲ್ಲಿ ಪಾಸ್‌ವರ್ಡನ್ನು ಪರಿಶೀಲಿಸುವುದು ತಾಯಿಸಂಸ್ಥೆ. ಎಂದರೆ ವಿದ್ಯಾರ್ಥಿ ಅಲ್ಲಿಗೆ ಹೋಗಿರುವುದು ಅದಕ್ಕೂ ತಿಳಿಯುತ್ತದೆ.

ಗ್ರಂಥಾಲಯದ ಬಾಗಿಲು ಈ ಖಾತೆಯ ಅತ್ಯಮೂಲ್ಯ ಭಾಗ. ಊರಿನ ಗೆಳೆಯರಿಗೂ ಉಪಯೋಗವಾಗಲೆಂದು ಪಾಸ್‌ವರ್ಡ್ ಕಳಿಸುವ ಉದಾರತೆ ಸಹಜವೇ, ಆದರೆ ಅಪಾಯಕಾರಿ. 1993ರಿಂದ ಜಾರಿಯಲ್ಲಿರುವ ಇಲ್ಲಿನ ಕಂಪ್ಯೂಟರ್ ದುರ್ಬಳಕೆ ಕಾಯ್ದೆಯಂತೆ ಅನಧಿಕೃತ ಪ್ರವೇಶ ಶಿಕ್ಷಾರ್ಹ ಅಪರಾಧ. ಎಂಐಟಿಯ ಜಾಲದ ಮೂಲಕ ಜೆಸ್ಟೋರ್‌ನ ಲೇಖನಗಳನ್ನು ಅಪಾರ ಪ್ರಮಾಣದಲ್ಲಿ ಇಳಿಸಿಕೊಂಡ ಆರನ್ ಸ್ವಾರ್ಟ್ಜ್ 2011ರಲ್ಲಿ ಬಂಧಿತನಾದ. ಮೊಕದ್ದಮೆ ನಡೆಯುತ್ತಿರುವಾಗಲೇ, 2013ರ ಜನವರಿಯಲ್ಲಿ, 26ನೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡ. ಜ್ಞಾನ ಎಲ್ಲರಿಗೂ ಮುಕ್ತವಾಗಬೇಕೆಂಬ ಹೋರಾಟ ನ್ಯಾಯವಾದದ್ದು. ಅದರ ಭಾರವನ್ನು ಹದಿನೆಂಟರ ವಿದ್ಯಾರ್ಥಿಯೊಬ್ಬಳ ವೀಸಾದ ಮೇಲೆ ಹೊರಿಸುವುದು ನ್ಯಾಯವಲ್ಲ.

ಮಾತಿನ ವಿಷಯದಲ್ಲಿಯೂ ಸ್ಪಷ್ಟತೆ ಬೇಕು. ಹಾಂಗ್ ಲಿಮ್ ಉದ್ಯಾನದ ಸ್ಪೀಕರ್ಸ್ ಕಾರ್ನರ್‌ನಲ್ಲಿ ನಡೆಯುವ ಪ್ರತಿಭಟನಾ ಸಭೆಯಲ್ಲಿ ವಿದೇಶಿಯರು ಅನುಮತಿಯಿಲ್ಲದೆ ಭಾಗವಹಿಸುವಂತಿಲ್ಲ. ಸುಳ್ಳು ಸುದ್ದಿಯ ವಿರುದ್ಧದ ಪೊಫ್ಮಾ ಕಾಯ್ದೆ 2019ರ ಅಕ್ಟೋಬರ್‌ನಿಂದ ಜಾರಿಯಲ್ಲಿದ್ದು, ಆನ್‌ಲೈನ್ ಬರಹಕ್ಕೆ ತಿದ್ದುಪಡಿಯ ಸೂಚನೆ ಲಗತ್ತಿಸುವಂತೆ ಆದೇಶಿಸುವ ಅಧಿಕಾರ ಮಂತ್ರಿಗಳಿಗಿದೆ. ಈ ಕಾನೂನುಗಳನ್ನು ಒಪ್ಪುವುದೂ ಟೀಕಿಸುವುದೂ ಬೇರೆ ಮಾತು. ಊರಿನ ಚುನಾವಣೆಯ ಬಿಸಿಯಲ್ಲಿ ಬಂದ ವಿಡಿಯೋವನ್ನು ಕಣ್ಣುಮುಚ್ಚಿ ಮುಂದಕ್ಕೆ ಕಳಿಸುವವರಿಗೆ ಅವು ಗೊತ್ತಿರಬೇಕು ಎಂಬುದು ಮಾತ್ರ ಖಚಿತ.

ಕೊನೆಯದಾಗಿ ವಂಚಕರು. ಪೊಲೀಸ್ ಅಥವಾ ವಲಸೆ ಅಧಿಕಾರಿಯೆಂದು ಹೇಳಿಕೊಂಡು ಹೊಸಬರನ್ನು ಬೆದರಿಸುವ ಕರೆಗಳು ಇಲ್ಲಿ ಸಾಮಾನ್ಯ. ಸರ್ಕಾರದ ಎಸ್‌ಎಂಎಸ್‌ಗಳೆಲ್ಲ 2024ರ ಜುಲೈನಿಂದ, ಕೆಲವು ಅಪವಾದಗಳನ್ನು ಬಿಟ್ಟರೆ, ಒಂದೇ ಅಧಿಕೃತ ಹೆಸರಿನಿಂದ ಬರುತ್ತಿವೆ. ಸಂಶಯ ಬಂದರೆ 1799ಕ್ಕೆ ಕರೆ ಮಾಡಿ ಕೇಳಬಹುದು. ಈ ನಾಲ್ಕು ಅಂಕಿಗಳನ್ನು ತಿಳಿಸುವುದು ಎಷ್ಟೋ ಮಕ್ಕಳ ವರ್ಷದ ಶುಲ್ಕವನ್ನು ಉಳಿಸಬಲ್ಲದು.

ಎರವಲಿನಲ್ಲೇ ಸ್ವಂತದ್ದನ್ನು ಕಟ್ಟಿದವರು

ಇಷ್ಟು ಹೇಳಿ ನಿಲ್ಲಿಸಿದರೆ ವಿದ್ಯಾರ್ಥಿ ಎಚ್ಚರಿಕೆಯ ಮೂಟೆಯನ್ನಷ್ಟೇ ಹೊತ್ತು ಹೋಗುತ್ತಾಳೆ. ಇದೇ ಊರಿನಲ್ಲಿ ವಿಶ್ವವಿದ್ಯಾಲಯದ ಜಾಲವನ್ನು ಎರವಲು ಪಡೆದು ತಮ್ಮ ಭಾಷೆಗೆ ಮನೆ ಕಟ್ಟಿದವರ ಕಥೆಯೂ ಇದೆ.

ನಾ. ಗೋವಿಂದಸಾಮಿ ಸಿಂಗಪುರದ ತಮಿಳು ಕಥೆಗಾರರು, ರಾಷ್ಟ್ರೀಯ ಶಿಕ್ಷಣ ಸಂಸ್ಥೆಯಲ್ಲಿ ಅಧ್ಯಾಪಕರು. ಎನ್‌ಯುಎಸ್‌ನ ಜೀವರಸಾಯನ ವಿಜ್ಞಾನಿ ತಾನ್ ತಿನ್ ವೀ ಟೆಕ್‌ನೆಟ್ ನಡೆಸುತ್ತಿದ್ದವರು. ಇಂಥವರ ಸಹಯೋಗದಿಂದ 1995ರ ಅಕ್ಟೋಬರ್‌ನಲ್ಲಿ ಸಿಂಗಪುರದ ಕವಿತೆಗಳು ನಾಲ್ಕೂ ಅಧಿಕೃತ ಭಾಷೆಗಳಲ್ಲಿ ಜಾಲದಲ್ಲಿ ಪ್ರಕಟವಾದಾಗ ತಮಿಳು ಲಿಪಿಯೂ ಅಲ್ಲಿತ್ತು. ಅದು ಜಾಲದ ತೀರ ಮೊದಲ ತಮಿಳು ಪುಟಗಳಲ್ಲೊಂದು. ಗೋವಿಂದಸಾಮಿಯವರು 'ಕಣಿಯನ್' ಎಂಬ ತಮಿಳು ಕೀಲಿಮಣೆ ವ್ಯವಸ್ಥೆಯನ್ನು ರೂಪಿಸಿದರು. 1997ರಲ್ಲಿ ತಮಿಳು ಗಣಕ ತಜ್ಞರ ಸಮ್ಮೇಳನವನ್ನು ಸಿಂಗಪುರದಲ್ಲಿ ಕರೆದರು. 1999ರಲ್ಲಿ ಅವರು ತೀರಿಕೊಂಡರು. ಇಂಗ್ಲಿಷೇತರ ಲಿಪಿಗಳಲ್ಲಿ ಜಾಲವಿಳಾಸ ಬರೆಯುವ ಪ್ರಯತ್ನಕ್ಕೂ ತಾನ್ ತಿನ್ ವೀ ಅವರ ತಂಡ 1990ರ ದಶಕದ ಕೊನೆಯಲ್ಲಿ ಇಲ್ಲಿಯೇ ಅಡಿಪಾಯ ಹಾಕಿತು. 2011ರಲ್ಲಿ ತಮಿಳು ಲಿಪಿಯ 'ಸಿಂಗಪ್ಪೂರ್' ಎಂಬುದೇ ದೇಶದ ಒಂದು ಅಧಿಕೃತ ಜಾಲವಿಳಾಸವಾಯಿತು.

ತಮಿಳಿಗೆ ಇಲ್ಲಿ ಅಧಿಕೃತ ಸ್ಥಾನವಿತ್ತು, ಕನ್ನಡಕ್ಕಿಲ್ಲ ಎಂಬ ಮಾತು ನಿಜ. ಶಾಲೆಗಳಲ್ಲಿ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಭಾಷೆಗಳಿಗೆ ದೊರೆತ ಅವಕಾಶವೂ ಕನ್ನಡಕ್ಕೆ ದೊರೆತಿಲ್ಲ. ಆದರೆ ಕನ್ನಡಕ್ಕೆ ತನ್ನದೇ ಪರಂಪರೆ ಇದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಾಡಿನ ಅಧಿಕೃತ ವಿನ್ಯಾಸವಾಯಿತು. ಯು. ಬಿ. ಪವನಜರ 'ವಿಶ್ವಕನ್ನಡ' 1996ರಲ್ಲಿಯೇ ಜಾಲಕ್ಕೆ ಬಂತು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದಾಗ ದೇಶಾಂತರದ ಕನ್ನಡಿಗರ ಪತ್ರವ್ಯವಹಾರದ ಭಾಷೆಯೇ ಬದಲಾಯಿತು.

ಇಲ್ಲಿ ಹೊಸ ವಿದ್ಯಾರ್ಥಿಗೆ ಒಂದು ಉಪಯುಕ್ತ ಮಾತಿದೆ. ಊರಿನಿಂದ ತಂದ ಕನ್ನಡ ಕಡತಗಳು ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿದ್ದರೆ, ಆ ಫಾಂಟಿಲ್ಲದ ಕ್ಯಾಂಪಸ್ಸಿನ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. 1991ರಿಂದಲೂ ಕನ್ನಡ ಯೂನಿಕೋಡಿನಲ್ಲಿದೆ. ಇಂದಿನ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲಿಯೂ ಹೆಚ್ಚಿನ ತಂತ್ರಾಂಶವಿಲ್ಲದೆ ಕನ್ನಡ ಕೀಲಿಮಣೆಯನ್ನು ಆರಿಸಿಕೊಳ್ಳಬಹುದು. ಯಾರ ಯಂತ್ರದಲ್ಲಿಯೂ ತೆರೆದುಕೊಳ್ಳುವ ಕಡತ ಯಾರ ಹಂಗಿನಲ್ಲಿಯೂ ಇರುವುದಿಲ್ಲ. ಖಾತೆಯ ವಿಷಯದಲ್ಲಿ ಹೇಳಿದ ತತ್ವವೇ ಲಿಪಿಗೂ ಅನ್ವಯಿಸುತ್ತದೆ.

ಸಭೆಯ ಮುಂದಿರುವ ಕೆಲಸ

ಕನ್ನಡಿಗರ ಕೂಟಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ, ನಾಟಕ ನಡೆಯುತ್ತದೆ, ಊಟ ಚೆನ್ನಾಗಿರುತ್ತದೆ. ಇವುಗಳ ಜೊತೆಗೆ ಪ್ರತಿ ಜುಲೈ ತಿಂಗಳಲ್ಲಿ ಒಂದು ಚಿಕ್ಕ ಕೈಪಿಡಿಯನ್ನು ಹೊರತರುವುದು ಕಷ್ಟವಲ್ಲ. ಹದಿನಾರು ಪುಟ ಸಾಕು: ಖಾತೆ, ಸಿಮ್, ಒಟಿಪಿ, ಕಡತ, ಗ್ರಂಥಾಲಯ, ಕಾನೂನು, ವಂಚನೆ, ಕನ್ನಡ ಟೈಪಿಂಗ್. ಅದು ಕನ್ನಡದಲ್ಲಿರಬೇಕು, ಏಕೆಂದರೆ ಇಂಗ್ಲಿಷಿನ ನಿಯಮಾವಳಿಯನ್ನು ಓದಬಲ್ಲವರಿಗೂ ಮೊದಲ ವಾರದ ಗಾಬರಿಯಲ್ಲಿ ತಲೆಗೆ ಇಳಿಯುವುದು ಮನೆಯ ಮಾತು. ಅದು ಯಾವ ಮುಚ್ಚಿದ ಗುಂಪಿನೊಳಗೂ ಇರದೆ, ಹೆಸರು ಊರು ಕೇಳದೆ ಯಾರಿಗಾದರೂ ಸಿಗುವಂತಿರಬೇಕು. ವರ್ಷಕ್ಕೊಮ್ಮೆ ತಿದ್ದಬೇಕು, ಈ ವರ್ಷ ಬಂದ ವಿದ್ಯಾರ್ಥಿಯೇ ಮುಂದಿನ ವರ್ಷ ತಿದ್ದಿದರೆ ಇನ್ನೂ ಒಳ್ಳೆಯದು.

ಜೊತೆಗೆ ಇಬ್ಬರೋ ಮೂವರೋ ಹಿರಿಯರು ಆಗಸ್ಟ್ ತಿಂಗಳ ಎರಡು ಶನಿವಾರ ಹೊಸಬರ ಜೊತೆ ಕುಳಿತು, ಆ ನಿಯಮಾವಳಿಯನ್ನು ಸಾಲುಸಾಲಾಗಿ ಓದಬೇಕು. ಓದಿದ ಮೇಲೂ ಒಪ್ಪಲೇಬೇಕಾಗುತ್ತದೆ, ಬೇರೆ ದಾರಿಯಿಲ್ಲ ಎಂದು ಕೆಲವರು ಹೇಳಬಹುದು. ನಿಜ. ಆದರೆ ಏನನ್ನು ಒಪ್ಪಿದ್ದೇವೆಂದು ಬಲ್ಲವಳಿಗೆ, ಒಪ್ಪಿದ್ದನ್ನು ಮೀರಿ ಯಾರಾದರೂ ಒಳಗೆ ಬಂದಾಗ ಅದು ಗೊತ್ತಾಗುತ್ತದೆ. 1999ರ ಆ ವಿದ್ಯಾರ್ಥಿನಿಗೆ ಗೊತ್ತಾದದ್ದು ಹಾಗೆಯೇ.

ಕಲಬುರಗಿಯ ಹುಡುಗಿ ಮುಂದಿನ ಆಗಸ್ಟ್‌ನಲ್ಲಿಯೂ ಬರುತ್ತಾಳೆ. ಅವಳು ಚಾಂಗಿಯಲ್ಲಿ ಇಳಿಯುವ ಮೊದಲೇ ಆ ಹದಿನಾರು ಪುಟಗಳು ಅವಳ ಕೈ ಸೇರಿರಬೇಕು.